ಎರಡು ಪೌಂಡಿನ ಕೋರ್ಟು

ಶಿರಸ್ತೇದಾರರನ್ನು ಸುಟ್ಟ ದಿನ ಲಂಡನ್ನಿನ ಚಿತಾಗಾರದ ಕಾರ್ ಪಾರ್ಕಿನಲ್ಲಿ ನಮ್ಮ ಪ್ರಭಾಕರ ಪೀಪಿ ಊದಿದ. ಮೈಮೇಲೆ ಹೊಳೆಯುವ ಹಳದಿ ಜಾಕೀಟು, ಸೊಂಟದಲ್ಲಿ ವಾಕಿಟಾಕಿ, ಕೈಯಲ್ಲಿ ಹಾಡುಹಗಲೇ ಉರಿಯುವ ಟಾರ್ಚು. ಅವನ ಜೊತೆಗಾರರಿಬ್ಬರೂ ಅದೇ ವೇಷದಲ್ಲಿ ನಿಂತು ಬಂದ ಕಾರುಗಳನ್ನು ಎಡಕ್ಕೆ ಬಲಕ್ಕೆ ಅಟ್ಟುತ್ತಿದ್ದರು. ಅಲ್ಲಿ ಕೆಲಸ ಮಾಡುವ ಇಂಗ್ಲಿಷ್ ಹೆಂಗಸು ಬಂದು, ಇವರು ಯಾರು, ಇವರನ್ನು ಕರೆಸಿದ್ದು ಯಾರು ಎಂದು ನನ್ನನ್ನು ಕೇಳಿದಳು. "ಪೊಲೀಸ್. ಅವರ್ ಪೊಲೀಸ್" ಎಂದೆ. ಅವಳು ಮತ್ತೇನೂ ಕೇಳದೆ ಒಳಗೆ ಹೋದಳು.

ಆ ಪೀಪಿ, ಟಾರ್ಚು, ಜಾಕೀಟು, ವಾಕಿಟಾಕಿ ಎಲ್ಲವೂ ನಮ್ಮ ಜಗಳದ ದುಡ್ಡಿನಲ್ಲಿ ಬಂದವು. ನಾವು ಒಬ್ಬರ ಮೇಲೊಬ್ಬರು ಹಾಕಿದ ಕೇಸುಗಳ ಫೀ ಉಳಿದು, ಆ ಉಳಿಕೆಯಲ್ಲಿ ಪೊಲೀಸರಿಗೆ ಸಾಮಾನು ಕೊಡಿಸಿದವರು ಪೆಟ್ಟಿಗೆಯೊಳಗೆ ಮಲಗಿದ್ದರು. ಕೋಟು ಹಾಕಿಸಿದ್ದರು. ಕೋಟಿನ ಜೇಬಿನಲ್ಲಿ ಕೆಂಪು ನೀಲಿ ಪೆನ್ಸಿಲು ಮಾತ್ರ ಇರಲಿಲ್ಲ. ಮಗಳಿಗೆ ಹೊಳೆಯಲಿಲ್ಲವೇನೋ. ಅದಿಲ್ಲದೆ ಆ ಮನುಷ್ಯ ಮೇಲೆ ಹೋಗಿ ಮಾಡುವುದೇನು?

ಅವರ ಹೆಸರು ಬರೆಯುವುದಿಲ್ಲ. ಹೆಸರಿನ ಮುಂದೆ ಮೂರು ಇನಿಶಿಯಲ್ಲು ಇದ್ದವು. ಅದರಲ್ಲಿ ಒಂದು ಹಿಂದೆ ಮುಂದೆ ಆದರೂ ಎದ್ದು ಬಂದು ತಿದ್ದಿಸುವ ಜಾತಿ. ನಾವೆಲ್ಲ ಶಿರಸ್ತೇದಾರರು ಎಂದೇ ಕರೆಯುತ್ತಿದ್ದೆವು. ಧಾರವಾಡದ ಕಡೆಯ ಕೋರ್ಟಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು, ಜಡ್ಜರ ಕೆಳಗೆ ಕಾಗದಪತ್ರಕ್ಕೆಲ್ಲ ಯಜಮಾನರಾಗಿ ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಇಲ್ಲಿಗೆ, ಮಗಳ ಮನೆಗೆ ಬಂದರು. ಮಗಳು ಆಸ್ಪತ್ರೆಯ ಡಾಕ್ಟರು, ಯಾವಾಗ ನೋಡಿದರೂ ಡ್ಯೂಟಿ. ಅಳಿಯ ಮೈಸೂರಿನವನು, ಮೆಲ್ಲಗೆ ಮಾತಾಡುವವನು. ಅದು ಇವರ ಕಿವಿಗೆ ಮಾತೇ ಅಲ್ಲ. ಮೊಮ್ಮಗಳಿಗೆ ಅಜ್ಜ ಹೇಳಿದ್ದೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಹಾಗಾಗಿ ವಾರದಲ್ಲಿ ಆರು ದಿನ ಬಾಯಿಗೆ ಬೀಗ. ಏಳನೇ ದಿನ ನಮ್ಮ ತಲೆಯ ಮೇಲೆ ಎಲ್ಲ ಒಟ್ಟಿಗೆ ಸುರಿಯುತ್ತಿದ್ದರು.

ಏಳನೇ ದಿನ ಎಂದರೆ ಭಾನುವಾರ. ಗ್ರೀನ್‌ಫರ್ಡಿನಲ್ಲಿ ಗೋದಾಮುಗಳು ಮುಗಿದು ಮನೆಗಳು ಶುರುವಾಗುವ ಕಡೆ ಒಂದು ಕಮ್ಯುನಿಟಿ ಹಾಲ್ ಇದೆ. ಹನ್ನೊಂದರಿಂದ ಮೂರರ ತನಕ ಅದು ನಮ್ಮ ಕನ್ನಡದವರದು. ಡಾಕ್ಟರ ಮನೆಯವರು, ಹೋಟೆಲಿನವರು, ಏರ್‌ಪೋರ್ಟಿನಲ್ಲಿ ಮೂಟೆ ಎತ್ತುವವರು ಎಲ್ಲರೂ ಬರುತ್ತಾರೆ. ಪಲ್ಯ, ಕೋಸಂಬರಿ ಮನೆಯಿಂದ ತರುತ್ತಾರೆ. ಅನ್ನ, ಸಾರು ಅಲ್ಲಿಯೇ ಆಗುತ್ತದೆ. ಸಾರು ನನ್ನದು. ಕುಂದಾಪುರದ ಕಡೆಯಿಂದ ಗಂಡನ ಜೊತೆ ಬಂದು ಸೌತ್‌ಹಾಲ್‌ನ ಹೋಟೆಲಿನಲ್ಲಿ ಸಾರು ಕುದಿಸಿದವಳು ನಾನು, ಆಮೇಲೆ ಹೌನ್ಸ್ಲೋದಲ್ಲಿ ವಿಮಾನದ ಊಟ ಕಟ್ಟಿದವಳು. ಓದಿದ್ದು ಮೂರನೇ ಕ್ಲಾಸು. ಗಂಡ ಹೋಗಿ ಹನ್ನೊಂದು ವರ್ಷವಾಯಿತು. ಅವನ ವಿಷಯ ಇಲ್ಲಿ ಬೇಡ, ಅವನಿಗೂ ಕೋರ್ಟಿಗೂ ಸಂಬಂಧವಿಲ್ಲ.

ಶಿರಸ್ತೇದಾರರ ಎಡಗೈ ಮಣಿಕಟ್ಟಿನಲ್ಲಿ ಸದಾ ಎರಡು ರಬ್ಬರ್ ಬ್ಯಾಂಡು. ಯಾವ ಕಾಗದ ಸಿಕ್ಕರೂ ಮೊದಲು ಉದ್ದಕ್ಕೆ ಮಡಚುವುದು, ಅಂಚಿಗೆ ಮೂರು ಬೆರಳು ಜಾಗ ಬಿಡುವುದು, ಬೆರಳು ನೆಕ್ಕಿ ತಿರುಗಿಸುವುದು. ಬಾಗಿಲ ಸಂದಿಯಿಂದ ಬಿದ್ದ ಪಿಜ್ಜಾದ ಜಾಹೀರಾತನ್ನೂ ಮೇಲಿನಿಂದ ಕೆಳಗಿನ ತನಕ ಓದಿ, ಮೂಲೆಯಲ್ಲಿ "ನೋಡಲಾಗಿದೆ" ಎಂದು ಬರೆದು, ತಾರೀಖು ಹಾಕಿ ಇಡುತ್ತಿದ್ದರಂತೆ. ಮಗಳು ಹೇಳಿದ್ದು. ಯಾರಾದರೂ ಏನಾದರೂ ಹೇಳಲು ಬಂದರೆ ಕೈ ಅಡ್ಡ ಹಿಡಿಯುವರು. "ಬಾಯಿ ಬ್ಯಾಡ. ಕಾಗದ ಏನ್ ಹೇಳ್ತದ, ಅದನ್ನ ತೋರಸ್ರಿ."

ಕೋರ್ಟು ಶುರುವಾದದ್ದು ಒಂದು ಸ್ಟೀಲ್ ಡಬ್ಬಿಯ ಮುಚ್ಚಳದಿಂದ. ಸೌತ್‌ಹಾಲ್‌ನ ಒಂದೇ ಅಂಗಡಿಯಲ್ಲಿ ಎಲ್ಲರೂ ಡಬ್ಬಿ ಕೊಂಡರೆ ಮುಚ್ಚಳಕ್ಕೆ ಗುರುತು ಎಲ್ಲಿಂದ ಬರಬೇಕು? ಇಬ್ಬರು ಹೆಂಗಸರು ಅದನ್ನು ಎರಡು ಕಡೆಯಿಂದ ಹಿಡಿದುಕೊಂಡು, ಬೈಗುಳದಲ್ಲಿ ಒಬ್ಬಳು ಅತ್ತೆಯ ತನಕ, ಇನ್ನೊಬ್ಬಳು ನಾದಿನಿಯ ತನಕ ಹೋಗಿದ್ದರು. ಶಿರಸ್ತೇದಾರರು ಮೂಲೆಯ ಮೇಜು ಎಳೆದುಕೊಂಡು ಕೂತರು. "ಇಬ್ಬರೂ ಅರ್ಜಿ ಬರದು ತರ್ರಿ. ಫೀ ಎರಡು ಪೌಂಡು."

"ಫೀ ಯಾಕ್ರಿ?" ಎಂದು ಒಬ್ಬಳು ಕೇಳಿದಳು.

"ಫೀ ಇಲ್ಲಂದ್ರ ನಾಳೆ ಮಂದಿ ಕೆಮ್ಮಿದ್ದಕ್ಕೂ ಕೇಸ್ ಹಾಕ್ತಾರ."

ಅವರಲ್ಲಿ ಸ್ಟಾಂಪು ಇರಲಿಲ್ಲ. ಕೊಟ್ಟ ಎರಡು ಪೌಂಡಿನ ನಾಣ್ಯವನ್ನು ಅರ್ಜಿಯ ಮೇಲೆ ಇಟ್ಟು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ನಡುವೆ "ಸಂದಿದೆ" ಎಂದು ಬರೆದರು. ನಾಣ್ಯ ಬಿಸ್ಕತ್ತಿನ ತಗಡಿನ ಡಬ್ಬಿಗೆ ಹೋಯಿತು. ಎರಡೂ ಅರ್ಜಿ ಓದಿ ತಲೆ ಎತ್ತಿ, "ಮುಂದಿನ ತಾರೀಖು, ಬರೂ ಭಾನುವಾರ" ಎಂದರು.

ನಾನು ಅಡುಗೆಮನೆಯಿಂದ ಬಗ್ಗಿ ಕೇಳಿದೆ. "ಎಂತ ಮಾರಾಯ್ರೆ, ಒಂದ್ ಮುಚ್ಚಳಕ್ಕೆ ಎಂಟ್ ದಿನವಾ?"

"ಅಕ್ಕಾರ, ನಮ್ಮಲ್ಲಿ ಇದಕ್ಕ ಎಂಟು ವರ್ಷ ಹಿಡೀತದ. ನಾ ತುರ್ತಿನ್ಯಾಗ ತೊಗೊಂಡೀನಿ."

ಅದು ಅವರ ವಿದ್ಯೆ. ತಾರೀಖು ಕೊಡುವುದು. ಸಿಟ್ಟು ಮೂರು ತಾರೀಖು ತಾಳುವುದಿಲ್ಲ ಎನ್ನುತ್ತಿದ್ದರು. ಮೂರನೇ ಭಾನುವಾರಕ್ಕೆ ಆ ಇಬ್ಬರು ಹೆಂಗಸರು ಒಂದೇ ಬಸ್ಸಿನಲ್ಲಿ ಬಂದು, ಒಂದೇ ಬೆಂಚಿನಲ್ಲಿ ಕೂತು, ಮೂರನೆಯವಳನ್ನು ಬೈಯುತ್ತಿದ್ದರು. ಮುಚ್ಚಳ ಎಲ್ಲಿದೆ ಎಂದು ಇಬ್ಬರಿಗೂ ನೆನಪಿಲ್ಲ. ಶಿರಸ್ತೇದಾರರ ಮುಖ ಮಾತ್ರ ಇಳಿದಿತ್ತು. ಎರಡು ಪುಟ ತೀರ್ಪು ಬರೆದು ತಂದಿದ್ದರು ಪಾಪ.

ಆದರೆ ಜನ ಫೀಗೆ ಹೆದರುತ್ತಾರೆ ಎಂದು ಅವರು ತಿಳಿದದ್ದು ತಪ್ಪಾಯಿತು. ನಮ್ಮವರು ಹಾಗಲ್ಲ. ಸುಮ್ಮನೆ ಸಿಗುವ ನ್ಯಾಯ ಯಾರಿಗೆ ಬೇಕು? ದುಡ್ಡು ಕೊಟ್ಟರೆ ಅದಕ್ಕೊಂದು ಬೆಲೆ. ಎರಡು ಪೌಂಡಿಗೆ ಲಂಡನ್ನಿನಲ್ಲಿ ಒಂದು ಕಾಫಿಯೂ ಬರುವುದಿಲ್ಲ, ನಮ್ಮ ಕೋರ್ಟಿನಲ್ಲಾದರೆ ಬೇಡದವರ ಹೆಸರನ್ನು ಎಲ್ಲರ ಮುಂದೆ ಕೂಗಿಸಬಹುದು. ಕೇಸುಗಳು ಬಂದವು. ನನ್ನ ಕುರ್ಚಿಯಲ್ಲಿ ಕೂತಳು, ನನ್ನ ಸೀರೆಯನ್ನು ಪರದೆ ಬಟ್ಟೆ ಎಂದಳು, ಪಗಡೆಯಲ್ಲಿ ಮೋಸ ಮಾಡಿದ. ಶಿರಸ್ತೇದಾರರು ಮೊದಲು ಬೇಜಾರು ನಟಿಸಿದರು. ಆಮೇಲೆ ರುಚಿ ಹತ್ತಿತು. ಕೇಸಿಲ್ಲದ ಭಾನುವಾರ ಒಬ್ಬಳ ಹತ್ತಿರ ಹೋಗಿ, "ನಿಮ್ಮ ಕೋಸಂಬರಿ ಬಗ್ಗೆ ಅವರು ಏನೋ ಅಂದಂಗಿತ್ತು, ನಾ ಸರಿಯಾಗಿ ಕೇಳ್ಲಿಲ್ಲ ಬಿಡ್ರಿ" ಎಂದು ಹೇಳಿ, ಮೇಜಿಗೆ ಹೋಗಿ ಕೂತು, ಪೆನ್ಸಿಲು ಚೂಪು ಮಾಡುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೊಡ್ಡ ಮನುಷ್ಯರು ಎಂದು ಸತ್ತ ಮೇಲೆ ಎಲ್ಲರೂ ಹೇಳುತ್ತಾರೆ. ಇದನ್ನೂ ಯಾರಾದರೂ ಹೇಳಬೇಕಲ್ಲ. ಹೋಳಿಗೆ ಇದ್ದ ದಿನ ಕರವಸ್ತ್ರದಲ್ಲಿ ಒಂದು ಸುತ್ತಿ ಒಯ್ಯುತ್ತಿದ್ದದ್ದೂ ನನಗೆ ಗೊತ್ತು.

ಡಬ್ಬಿ ತುಂಬಿತು. ಕಾಗದ, ಪೆನ್ಸಿಲು, ಕೋರ್ಟಿನ ಚಾ ಕಳೆದರೂ ಉಳಿಯಿತು.

ಅದೇ ಹೊತ್ತಿಗೆ ರಸ್ತೆಯ ತಾಪತ್ರಯ ಬಂತು. ಹಾಲ್‌ನ ಮುಂದೆ ಜಾಗ ಸಾಲದೆ ನಮ್ಮವರು ಎದುರಿನ ಮನೆಗಳ ಗೇಟಿಗೆ ಅಡ್ಡ ಕಾರು ನಿಲ್ಲಿಸಿ ಒಳಗೆ ಬಂದು ಬಾಳೆಲೆ ಹುಡುಕುವರು. ಆ ಮನೆಯವರು ಕೌನ್ಸಿಲ್‌ಗೆ ಎರಡು ಸಲ ಬರೆದರು. ಹಾಲ್ ನೋಡಿಕೊಳ್ಳುವ ಮೇಡಂ ನಮ್ಮನ್ನು ಕರೆದು ನಿಲ್ಲಿಸಿ ಹೇಳಿದಳು: ಇನ್ನೊಂದು ದೂರು ಬಂದರೆ ನಿಮ್ಮ ಭಾನುವಾರ ಕರಾಟೆ ಕ್ಲಾಸಿಗೆ ಹೋಗುತ್ತದೆ. ಅವರು ಆಗಲೇ ಕೇಳುತ್ತಿದ್ದಾರೆ.

ಭಾನುವಾರ ಹೋದರೆ ಚಿಕ್ಕವರಿಗೆ ಏನೂ ಆಗುವುದಿಲ್ಲ. ಅವರಿಗೆ ಫೋನಿದೆ, ಕಾರಿದೆ. ನಮ್ಮಂಥವರಿಗೆ ಆಮೇಲೆ ಉಳಿಯುವುದು ಟಿವಿ ಮತ್ತು ಕಿಟಕಿ. ಶಿರಸ್ತೇದಾರರಿಗೆ ಆರು ದಿನದ ಬೀಗ ಏಳು ದಿನವಾಗುತ್ತದೆ. ಅವತ್ತು ಅವರು ಒಂದೂ ಕೇಸು ಕೂಗಲಿಲ್ಲ. ಹೋಳಿಗೆಯನ್ನೂ ಸುತ್ತಿಕೊಳ್ಳಲಿಲ್ಲ.

ರಸ್ತೆ ಕಾಯಲು ಮೂವರು ಗಂಡಸರು ಮುಂದೆ ಬಂದರು. ಏರ್‌ಪೋರ್ಟಿನಲ್ಲಿ ಮೂಟೆ ಎತ್ತುವ ಪ್ರಭಾಕರ, ಮತ್ತೆ ಅವನ ಗೆಳೆಯರಿಬ್ಬರು. ನಮ್ಮ ಬಾಯಲ್ಲಿ ಅವರು ಪೊಲೀಸರಾದರು. ಪ್ರಭಾಕರ ನಮ್ಮೂರಿನವನೇ. ಅವನ ಅಪ್ಪನ ಮದುವೆಗೆ ನಾನು ಅಡುಗೆ ಮಾಡಿದ್ದೇನೆ. ಆದರೆ ಸ್ವೆಟರ್ ಹಾಕಿಕೊಂಡು ಮಳೆಯಲ್ಲಿ ಕೈ ಬೀಸುವ ಗಂಡಸಿನ ಮಾತಿಗೆ ಯಾವ ಡಾಕ್ಟರು ಕಾರು ತಿರುಗಿಸುತ್ತಾನೆ? ಸಾಮಾನು ಬೇಕು ಎಂದರು. ನಮ್ಮ ಕನ್ನಡ ಸಂಘದ ಖಜಾಂಚಿ ದುಡ್ಡಿಲ್ಲ ಎಂದು ಕೈ ಚೆಲ್ಲಿದ. ಆಗ ಶಿರಸ್ತೇದಾರರು ಎದ್ದು ನಿಂತು, ಕೋರ್ಟಿನ ಉಳಿಕೆ ಹಣದಿಂದ ಪೊಲೀಸರಿಗೆ ಸಾಮಾನು ಕೊಡಿಸಲಾಗುವುದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

"ಕೋರ್ಟಿನ್ ದುಡ್ಡ್ ಪೊಲೀಸ್ರಿಗಾ? ಚಂದ ಕಾಂತಿಲ್ಲೆ ಶಿರಸ್ತೇದಾರ್ರೆ."

"ಕೋರ್ಟು ಬ್ಯಾರೆ, ಪೊಲೀಸು ಬ್ಯಾರೆ, ಅಕ್ಕಾರ."

"ಡಬ್ಬಿ?"

"ಡಬ್ಬಿ ಅಷ್ಟ ಒಂದು."

ಸಭೆ ನಕ್ಕಿತು. ಅವರೂ ಕರವಸ್ತ್ರದ ಹಿಂದೆ ನಕ್ಕರು. ಠರಾವು ಪಾಸಾಯಿತು.

ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು. ಹಳದಿ ಜಾಕೀಟಿಗೆ ಈ ದೇಶದಲ್ಲಿ ಏನು ಮರ್ಯಾದೆ! ನಮ್ಮ ದೊಡ್ಡ ದೊಡ್ಡ ಡಾಕ್ಟರುಗಳೂ ಪ್ರಭಾಕರನ ಒಂದು ಪೀಪಿಗೆ ಕಾರು ಹಿಂದೆ ತೆಗೆದರು. ಗೇಟುಗಳು ಖಾಲಿಯಾದವು. ಆಮೇಲೆ ಪೊಲೀಸರಿಗೆ ವಾಕಿಟಾಕಿಗೆ ಇನ್ನೊಂದು ಬ್ಯಾಟರಿ ಬೇಕಾಯಿತು. ಮಳೆಗೆ ಬೂಟು ಬೇಕಾಯಿತು. ಯಾವುದೋ ವಿಡಿಯೊ ನೋಡಿಕೊಂಡು ಬಂದ ಪ್ರಭಾಕರನಿಗೆ ಎದೆಗೆ ಕಟ್ಟುವ ಕ್ಯಾಮೆರಾ ಬೇಕಾಯಿತು. ಡಬ್ಬಿಯಲ್ಲಿ ಅಷ್ಟಿಲ್ಲ. ಡಬ್ಬಿ ತುಂಬಬೇಕಾದರೆ ಕೇಸು ಬೇಕು. ರಸ್ತೆಯಲ್ಲಿ ಕೇಸಿಲ್ಲ, ಚಳಿ ಇದೆ. ಕೇಸು ಇರುವುದು ಒಳಗೆ, ಹೀಟರಿನ ಪಕ್ಕ.

ಒಬ್ಬೊಬ್ಬರಾಗಿ ಪೊಲೀಸರು ಒಳಗೆ ಬಂದರು. ಎರಡನೇ ಹೋಳಿಗೆ ತೆಗೆದವರಿಗೆ ಪೀಪಿ. ಎಂಜಲು ಚಮಚ ಪಾಯಸಕ್ಕೆ ಅದ್ದಿದವರಿಗೆ ಪೀಪಿ. ಸಾಲು ಮುರಿದವರ ಮುಖಕ್ಕೆ ಟಾರ್ಚು. ಪೊಲೀಸ್ ಕೇಸಿನಲ್ಲಿ ತಪ್ಪು ಮಾಡಿದವರೇ ಎರಡು ಪೌಂಡು ಕಟ್ಟಬೇಕು ಎಂದು ಹೊಸ ರೂಲು. ಶಿರಸ್ತೇದಾರರ ಮೇಜಿನ ಮುಂದೆ ಕ್ಯೂ. ಅವರಂತೂ ಬೆರಳು ನೆಕ್ಕಿ ನೆಕ್ಕಿ ಹಾಳೆ ತಿರುಗಿಸಿದ್ದೇ ತಿರುಗಿಸಿದ್ದು. ಅಷ್ಟು ಬುದ್ಧಿವಂತ ಮನುಷ್ಯ, ಮೂಗಿನ ಕೆಳಗೆ ನಡೆಯುವುದು ಕಾಣಲಿಲ್ಲ. ಕಂಡಿತ್ತೋ ಏನೋ. ಕೇಸಿನ ಆಸೆ ಕೆಟ್ಟದ್ದು.

ಒಂದು ಭಾನುವಾರ ನಾನು ಸಾರು ಇಳಿಸುವ ಮೊದಲು ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಬೆನ್ನ ಹಿಂದೆ ಪೀಪಿ ಕೂಗಿತು. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಮೂವರು ಪೊಲೀಸರೂ ನಿಂತಿದ್ದರು.

"ದೊಡ್ಡಮ್ಮ, ಸೌಟ್ ಕೆಳಗಿಡಿ" ಎಂದ ಪ್ರಭಾಕರ.

"ಎಂತಕಾ?"

"ನೀವ್ ಅಂಗೈ ನೆಕ್ಕಿದ್ದಕ್ಕೆ ಮೂರ್ ಜನ ಸಾಕ್ಷಿ ಇತ್ತ್."

"ನಿನ್ನ್ ಅಪ್ಪಯ್ಯನ್ ಮದಿಗೂ ಹೀಂಗೇ ನೆಕ್ಕಿ ಸಾರ್ ಮಾಡಿದ್ದೆ. ಅವತ್ ಯಾರೂ ಪೀಪಿ ಊದ್ಲಿಲ್ಲ."

"ಕಾನೂನ್ ಕಾನೂನೇ ದೊಡ್ಡಮ್ಮ. ಎರಡ್ ಪೌಂಡ್."

"ಕ್ಯಾಮೆರಾಕ್ಕೆ ಎಷ್ಟ್ ಕಮ್ಮಿ ಬಿದ್ದಿತಾ?"

ಅವನ ಕಿವಿ ಕೆಂಪಾಯಿತು. ಆದರೂ ನನ್ನನ್ನು ಮೇಜಿನ ತನಕ ನಡೆಸಿಕೊಂಡು ಹೋದರು, ಮುಂದೊಬ್ಬ ಹಿಂದಿಬ್ಬರು. ಶಿರಸ್ತೇದಾರರು ಕನ್ನಡಕ ಏರಿಸಿ ನೋಡಿ, ಮತ್ತೆ ಬೆರಳು ನೆಕ್ಕಿ ಹೊಸ ಹಾಳೆ ತೆಗೆದರು.

"ನೀವ್ ಕಾಗದಕ್ಕೆ ಬೆರಳ್ ನೆಕ್ಕಿರೆ ಕೋರ್ಟ್, ನಾನ್ ಸಾರಿಗೆ ಅಂಗೈ ನೆಕ್ಕಿರೆ ಕಳ್ಳತನವಾ?" ಎಂದೆ.

ಅವರು ಬೆರಳು ಕೆಳಗಿಳಿಸಿದರು. ಇಡೀ ಹಾಲ್ ನಮ್ಮ ಕಡೆ ತಿರುಗಿತು. ಅಷ್ಟರಲ್ಲಿ ಹೊರಬಾಗಿಲು ಧಡಾರೆಂದು ತೆರೆಯಿತು.

ಎದುರು ಮನೆಯ ಇಂಗ್ಲಿಷ್ ಮುದುಕ. ಕಾಲಲ್ಲಿ ಉಣ್ಣೆಯ ಚಪ್ಪಲಿ, ಕೈಯಲ್ಲಿ ಕಾರಿನ ಕೀಲಿ. ಕೌನ್ಸಿಲ್‌ಗೆ ಎರಡು ಸಲ ಬರೆದವನು ಇವನೇ. ಅವನ ಹೆಂಡತಿ ಮರೆವಿನ ಕಾಯಿಲೆಯವರನ್ನು ಇಡುವ ಮನೆಯಲ್ಲಿ ಇದ್ದಳು. ಭಾನುವಾರ ಹನ್ನೆರಡು ಗಂಟೆಗೆ ಇವನು ಹೋಗಿ ಅವಳಿಗೆ ಊಟ ಮಾಡಿಸಬೇಕು. ಗೇಟಿಗೆ ಅಡ್ಡವಾಗಿ ಒಂದು ನೀಲಿ ಕಾರು ನಿಂತಿದೆ, ಅರ್ಧ ಗಂಟೆ ಹಾರನ್ ಹೊಡೆದರೂ ಯಾರೂ ಬಂದಿಲ್ಲ. ನಾಳೆ ಬೆಳಗ್ಗೆ ಕೌನ್ಸಿಲ್‌ಗೆ ಬರೆಯುತ್ತೇನೆ, ಇದೇ ಕೊನೆ ಎಂದು ಕೂಗಿದ.

ನೀಲಿ ಕಾರು ಪ್ರಭಾಕರನದು. ತಡವಾಗಿ ಬಂದು, ಸಿಕ್ಕಲ್ಲಿ ನಿಲ್ಲಿಸಿ, ನನ್ನನ್ನು ಹಿಡಿಯಲು ಒಳಗೆ ಓಡಿದ್ದ. ಈಗ ಪೀಪಿ ಬಾಯಲ್ಲಿಯೇ ಇಟ್ಟುಕೊಂಡು ಹೊರಗೆ ಓಡಿದ. ಉಸಿರು ಬಿಟ್ಟಾಗೆಲ್ಲ ಅದು ಕುಂಯ್ ಎನ್ನುತ್ತಿತ್ತು.

ಡಾಕ್ಟರುಗಳು ಸಾರಿ ಸಾರಿ ಎಂದರು. ಮುದುಕನಿಗೆ ಸಾರಿ ಸಾಕಾಗಿತ್ತು. ಶಿರಸ್ತೇದಾರರು ಎದ್ದು, ತಮ್ಮ ಮೇಜಿನ ಮುಂದಿನ ಕುರ್ಚಿ ಸರಿಸಿ, "ಸಿಟ್, ಸರ್" ಎಂದರು. ಹಾಳೆಯನ್ನು ಉದ್ದಕ್ಕೆ ಮಡಚಿ ಅಂಚು ಬಿಟ್ಟರು. ಹೆಸರು ಕೇಳಿದರು. ಬರೆದರು. ಆಮೇಲೆ ನಮ್ಮ ಕೋರ್ಟಿನಲ್ಲಿ ಕೇಳುವ ಹಾಗೆಯೇ ಅಪ್ಪನ ಹೆಸರು ಕೇಳಿದರು.

ಮುದುಕ ಕಕ್ಕಾಬಿಕ್ಕಿಯಾದ. "ಮೈ ಫಾದರ್?"

"ಯೆಸ್. ಫಾದರ್ಸ್ ನೇಮ್."

ಎಂಬತ್ತು ದಾಟಿದ ಮನುಷ್ಯನನ್ನು ನಿನ್ನ ಅಪ್ಪ ಯಾರು ಎಂದು ಕೇಳಿದವರು ಯಾರಿದ್ದಾರು? ಅವನು ಹೇಳಿದ. ಹೇಳುವಾಗ ದನಿ ಇಳಿಯಿತು. ಅಪ್ಪ ಬಸ್ಸು ಓಡಿಸುತ್ತಿದ್ದ ಎಂದೂ ಸೇರಿಸಿದ. ಶಿರಸ್ತೇದಾರರು ಅದನ್ನೂ ಬರೆದರು. ಕಾರಿನ ಬಣ್ಣ, ನಿಂತ ಹೊತ್ತು, ಹಾರನ್ ಹೊಡೆದ ಲೆಕ್ಕ, ಹೆಂಡತಿಯ ಊಟದ ವೇಳೆ ಒಂದನ್ನೂ ಬಿಡದೆ ಬರೆದು, ಪೂರ್ತಿ ಓದಿ ಹೇಳಿ, ಸಹಿ ಹಾಕಿಸಿದರು. ಫೀ ಬೇಡ ಎಂದರೂ ಮುದುಕ ಗೋಡೆಯ ಮೇಲೆ ಇಂಗ್ಲಿಷಿನಲ್ಲೂ ಬರೆದಿದ್ದ ಕೋರ್ಟ್ ಫೀ ಬೋರ್ಡು ಓದಿ, ಜೇಬಿನಿಂದ ಎರಡು ಪೌಂಡು ತೆಗೆದಿಟ್ಟ. ನಮ್ಮವರಿಗಿಂತ ಬೇಗ ಇಟ್ಟ. ಶಿರಸ್ತೇದಾರರು ಅದರ ಸುತ್ತ ಗೆರೆ ಎಳೆದರು. ವಿಚಾರಣೆ ಬರುವ ಭಾನುವಾರ ಹನ್ನೊಂದೂವರೆಗೆ ಎಂದರು. ಆಮೇಲೆ ಬೆರಳು ಎತ್ತಿ, ಒಂದು ಕೋರ್ಟಿನಲ್ಲಿ ಕೇಸು ನಡೆದಿರುವಾಗ ಇನ್ನೊಂದು ಕಡೆ ದೂರು ಬರೆಯುವಂತಿಲ್ಲ, ಬರೆದರೆ ಕೇಸು ಬಿದ್ದುಹೋಗುತ್ತದೆ ಎಂದು ಬಹಳ ಗಂಭೀರವಾಗಿ ಇಂಗ್ಲಿಷಿನಲ್ಲಿ ತಿಳಿಸಿದರು.

ಮುದುಕ ಯೋಚಿಸಿದ. "ಕ್ವೈಟ್ ರೈಟ್" ಎಂದು ಎದ್ದು ಹೋದ. ರೂಲಿಗೆ ಮರ್ಯಾದೆ ಕೊಡುವ ಜನ.

ಎಲ್ಲರೂ ಉಸಿರು ಬಿಟ್ಟರು. ನಾನು ಬಿಡಲಿಲ್ಲ. ಸೆರಗಿನ ಗಂಟಿನಿಂದ ಎರಡು ಪೌಂಡು ಬಿಚ್ಚಿ ಮೇಜಿನ ಮೇಲೆ ಕುಟ್ಟಿದೆ. "ನಂದೂ ಒಂದ್ ಕೇಸ್ ಇತ್ತ್. ಕಾಗದ ಕೊಡಿ."

ನಿಂತಲ್ಲೇ ಬರೆದೆ. ಹೊತ್ತು ಹಿಡಿಯಿತು, ಯಾರೂ ನಗಲಿಲ್ಲ. ಬರೆದದ್ದು ಇಷ್ಟು. "ಕೇಸಿನ ದುಡ್ಡು ಪೊಲೀಸರಿಗೆ ಹೋದರೆ ಪೊಲೀಸರು ಕೇಸು ಹುಡುಕುತ್ತಾರೆ. ರಸ್ತೆ ಕಾಯುವುದಿಲ್ಲ. ಇದಕ್ಕೆ ಕೋರ್ಟೇ ಕಾರಣ."

ಶಿರಸ್ತೇದಾರರು ಎರಡು ಸಲ ಓದಿದರು. "ಮೂವತ್ತು ವರ್ಷದಾಗ ಇಷ್ಟು ಸಣ್ಣ ಅರ್ಜಿ ನೋಡಿಲ್ಲ ನಾ. ಪ್ರತಿವಾದಿ ಯಾರ್ರಿ?"

"ನೀವೇ."

"ಜಡ್ಜ್ ಯಾರು?"

"ಅದೂ ನೀವೇ. ಬೇರೆ ಯಾರಿಗೆ ತೀರ್ಪ್ ಬರೂಕೆ ಬತ್ತ್?"

ಫೀ ಕೊಟ್ಟಿದ್ದೇನೆ, ತೆಗೆದುಕೊಳ್ಳುವುದಿಲ್ಲ ಎನ್ನುವ ಹಾಗಿಲ್ಲ. ನಾಣ್ಯದ ಸುತ್ತ ಗೆರೆ ಎಳೆದರು. ತೀರ್ಪು ಆಗುವ ತನಕ ಡಬ್ಬಿಯಿಂದ ಒಂದು ಪೆನ್ನಿಯೂ ಹೊರಗೆ ಬರಕೂಡದು, ಪೊಲೀಸರು ಬಾಗಿಲ ಒಳಗೆ ಕೇಸು ಮಾಡಕೂಡದು ಎಂದು ತಡೆಯಾಜ್ಞೆ ಕೊಟ್ಟರು. ಡಬ್ಬಿಗೆ ದಾರ ಸುತ್ತಿ ಅರಗಿನ ಸೀಲು ಹಾಕಬೇಕು ಎಂದರು. ಅರಗಿನ ಕಡ್ಡಿಯನ್ನು ಧಾರವಾಡದಿಂದ ಸೂಟ್‌ಕೇಸಿನಲ್ಲಿ ತಂದಿಟ್ಟುಕೊಂಡಿದ್ದರು, ಎಂದಾದರೂ ಬೇಕಾದೀತು ಎಂದು. ಅದನ್ನು ನನ್ನ ಸಾರಿನ ಒಲೆಯ ಮೇಲೆ ಕರಗಿಸಲು ಹೋಗಿ ಹೊಗೆ ಎದ್ದು, ಹಾಲ್‌ನ ಬೆಂಕಿ ಗಂಟೆ ಕಿರುಚಿಕೊಂಡು, ಎಲ್ಲರೂ ಎಲೆ ಬಿಟ್ಟು ರಸ್ತೆಗೆ ಓಡಿದೆವು. ಶಿರಸ್ತೇದಾರರು ಕೊನೆಗೆ ಬಂದರು, ಸೀಲಾದ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು.

ಅವತ್ತಿನಿಂದ ಒಳಗೆ ಲಾಭವಿಲ್ಲದ ಪೊಲೀಸರು ರಸ್ತೆಗೆ ಹೋದರು. ಗೇಟುಗಳು ಮತ್ತೆ ಖಾಲಿಯಾದವು.

ನಾನು ಗೆದ್ದೆ ಎಂದು ಎಲ್ಲರೂ ಹೇಳಿದರು. ನನಗೆ ಬಾಯಿಮಾತು ಬೇಡವಾಗಿತ್ತು. ಈ ದೇಶದಲ್ಲಿ ನನ್ನ ಹೆಸರು ಕಾಗದದ ಮೇಲೆ ಬಂದಾಗೆಲ್ಲ ಏನೋ ಕಟ್ಟಬೇಕು ಎಂದಿರುತ್ತದೆ, ಇಲ್ಲವೇ ಏನೋ ಸಿಗುವುದಿಲ್ಲ ಎಂದಿರುತ್ತದೆ. ಇವಳು ಹೇಳಿದ್ದು ಸರಿ ಎಂದು ಬರೆದ ಒಂದು ಕಾಗದ ಬೇಕಾಗಿತ್ತು. ಸಹಿ, ತಾರೀಖು ಸಮೇತ.

ಶಿರಸ್ತೇದಾರರು ಕೊಡಲಿಲ್ಲ. ಮುಂದಿನ ತಾರೀಖು ಎಂದರು. ಆ ಭಾನುವಾರ ಹೋದರೆ ಮತ್ತೊಂದು ತಾರೀಖು. ಒಂದೂವರೆ ವರ್ಷ. ಎದುರು ಮನೆಯ ಮುದುಕನಿಗೂ ಹಾಗೆಯೇ. ಅವನು ಹನ್ನೊಂದೂವರೆಗೆ ಸರಿಯಾಗಿ ಬಂದು ಕೂರುವನು. ಒಂದನೇ ಕೇಸು ಎಂದು ಅವನ ಹೆಸರು, ಅವನ ಅಪ್ಪನ ಹೆಸರು ಕೂಗುವರು. ಎರಡನೇ ಕೇಸು ಎಂದು ನನ್ನ ಹೆಸರು, ನನ್ನ ಅಪ್ಪನ ಹೆಸರು. ಇಬ್ಬರಿಗೂ ಬರುವ ಭಾನುವಾರ. ಮುದುಕ ಒಂದು ಬಟ್ಟಲು ಪಾಯಸ ತಿಂದು, ಇನ್ನೊಂದನ್ನು ಹೆಂಡತಿಗೆ ಎಂದು ಡಬ್ಬಿಯಲ್ಲಿ ಹಾಕಿಸಿಕೊಂಡು, ಪ್ರಭಾಕರ ಪೀಪಿ ಊದಿ ದಾರಿ ಬಿಡಿಸಿದ ರಸ್ತೆಯಲ್ಲಿ ಕಾರು ತೆಗೆದುಕೊಂಡು ಹೋಗುವನು. ದೂರಲು ಏನೂ ಉಳಿದಿರಲಿಲ್ಲ. ಆದರೂ ತಾರೀಖು ತಪ್ಪಿಸಲಿಲ್ಲ.

ಹೋದ ಚಳಿಗಾಲದಲ್ಲಿ ನಾನು ಪಾತ್ರೆ ಒರೆಸುತ್ತಾ ಕೇಳಿಯೇಬಿಟ್ಟೆ. "ಸಾಯುದ್ರೊಳಗೆ ತೀರ್ಪ್ ಕೊಡಿ ಮಾರಾಯ್ರೆ."

"ಯಾರು ಸಾಯೂದು, ನೀವೋ ನಾನೋ? ಅದು ಗೊತ್ತಾಗ್ಲಿ, ಆಮ್ಯಾಲ ನೋಡೂಣು."

"ಹುಡುಗಾಟ ಬೇಡ."

ಅವರು ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಅಕ್ಕಾರ, ಆ ಮುದುಕನ ಕೇಸ್ ಮುಗಿಸಿದ್ರ, ಮುಂದ ಏನರೆ ಒಂದು ಆದಾಗ ಅವ ನನ್ನ ಹತ್ರ ಬರೂದಿಲ್ಲ, ಕೌನ್ಸಿಲ್‌ಗೆ ಹೋಗ್ತಾನ. ನಿಮ್ಮ ಕೇಸ್ ಮುಗಿಸಿದ್ರ ಡಬ್ಬಿ ಸೀಲ್ ಒಡೀತದ. ನಾ ಏನ್ ಬರದ್ರೂ ಸಂಘದ ಕಮಿಟಿಯವರು ಮತ್ತ ಠರಾವು ಮಾಡಿ ಅದನ್ನ ಪೊಲೀಸರಿಗೇ ಕೊಡ್ತಾರ, ಪ್ರಭಾಕರ ಮತ್ತ ಒಳಗ ಬರ್ತಾನ. ಎರಡೂ ಬಾಕಿ ಇದ್ದಷ್ಟು ದಿನ ಭಾನುವಾರ ನಮ್ಮದು. ತಿಳೀತಿಲ್ಲೋ?"

"ನನ್ನ್ ಕಾಗದ?"

"ಕಾಗದ ಎಲ್ಲಿ ಹೋಗ್ತದ?" ಎಂದು ಕರವಸ್ತ್ರ ತೆಗೆದು ಹೋಳಿಗೆಯ ತಟ್ಟೆಯ ಕಡೆ ನಡೆದರು.

ಮೊದಲು ಸಾಯುವುದು ಯಾರು ಎಂದು ಗೊತ್ತಾಯಿತು. ಒಂದು ಬುಧವಾರ ಮಧ್ಯಾಹ್ನ ಉಂಡು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಕೈಯಲ್ಲಿ ಯಾವುದೋ ಅಂಗಡಿಯ ಜಾಹೀರಾತು ಇತ್ತಂತೆ. "ನೋಡಲಾಗಿದೆ" ಎಂದು ಬರೆದಾಗಿತ್ತಂತೆ, ತಾರೀಖು ಹಾಕಿರಲಿಲ್ಲವಂತೆ.

ಸುಟ್ಟು ಆದ ಮೇಲೆ ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಮಗಳು ಬಂದು ರಬ್ಬರ್ ಬ್ಯಾಂಡು ಹಾಕಿದ ಒಂದು ಕಾಗದ ಕೊಟ್ಟಳು. "ಅಪ್ಪಾರ ಫೈಲ್‌ನ್ಯಾಗ ಇತ್ತ್ರಿ ಅಮ್ಮಾ. ಮ್ಯಾಲ ನಿಮ್ಮ ಹೆಸರು ಅದ. ಏನು, ಕೇಸೇನ್ರಿ ಇದು?" ಎಂದಳು. ಹೌದು ಎಂದೆ. ಅವಳಿಗೆ ನಗು ಬಂತು, ಮೂಗು ಒರೆಸಿಕೊಂಡು ಹೋದಳು.

ಅಕ್ಷರ ಕೂಡಿಸಿ ಓದಿದೆ. ನನ್ನ ಹೆಸರು, ಅಪ್ಪನ ಹೆಸರು. ನಾಣ್ಯದ ಗೆರೆ. ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಬರೆದಿತ್ತು: "ವಾದಿ ಹೇಳುವುದು ಸರಿ. ಕೋರ್ಟಿನದೇ ತಪ್ಪು. ಉಳಿಕೆ ಹಣ ಪೊಲೀಸರಿಗೆ ಹೋಗತಕ್ಕದ್ದಲ್ಲ. ವಾದಿಯ ಫೀ ಎರಡು ಪೌಂಡು ಹಿಂದಿರುಗಿಸತಕ್ಕದ್ದು. ಆದರೆ ವಾದಿ ಅಂಗೈ ನೆಕ್ಕಿದ್ದಕ್ಕೆ ಮೂವರು ಸಾಕ್ಷಿಗಳಿರುವುದರಿಂದ ದಂಡ ಎರಡು ಪೌಂಡು. ಅಲ್ಲಿಗಲ್ಲಿಗೆ ವಜಾ." ಮೂರು ಇನಿಶಿಯಲ್ಲಿನ ಸಹಿ. ತಾರೀಖು ನೋಡಿದೆ. ನಾನು ಕೇಸು ಹಾಕಿದ ಭಾನುವಾರದ್ದೇ.

ಒಂದೂವರೆ ವರ್ಷ ಫೈಲಿನಲ್ಲಿ ಇಟ್ಟುಕೊಂಡು ತಾರೀಖು ಕೊಟ್ಟಿದ್ದಾನೆ, ಕಳ್ಳ. ಇದನ್ನು ಇಲ್ಲಿ ಬರೆಯಲು ನನಗೆ ಹೆದರಿಕೆಯಿಲ್ಲ. ಪ್ರಭಾಕರ ಕನ್ನಡ ಓದಿ ಇಪ್ಪತ್ತು ವರ್ಷವಾಯಿತು.

ಅವನು ಟಾರ್ಚು ಆರಿಸುತ್ತಾ ನನ್ನ ಪಕ್ಕ ಬಂದು ನಿಂತ. "ದೊಡ್ಡಮ್ಮ, ಇನ್ನ್ ಆ ಡಬ್ಬಿ ಒಡೆಯೂಕೆ ಆತ್ತಲ್ದಾ? ವಾಕಿಟಾಕಿ ಹಾಳಾಯ್ತ್. ಅದೆಂತ ಕಾಗದ, ತೀರ್ಪಾ?"

ಅವನ ಹಿಂದೆಯೇ ಎದುರು ಮನೆಯ ಮುದುಕನೂ ಬಂದ. ಕರಿ ಟೈ ಕಟ್ಟಿದ್ದ, ಕಾಲಲ್ಲಿ ಬೂಟು. ಶಿರಸ್ತೇದಾರರ ಬಗ್ಗೆ ಒಳ್ಳೆಯ ಎರಡು ಮಾತು ಹೇಳಿ, ಸ್ವಲ್ಪ ತಡೆದು, "ಆ್ಯಂಡ್ ಮೈ ಕೇಸ್?" ಎಂದ.

ನಾನು ಕಾಗದವನ್ನು ಉದ್ದಕ್ಕೆ ಮಡಚಿದೆ. ರಬ್ಬರ್ ಬ್ಯಾಂಡು ಹಾಕಿದೆ. ಚೀಲದ ತಳದಲ್ಲಿ, ಮಾತ್ರೆಯ ಡಬ್ಬಿಯ ಕೆಳಗೆ ಇಟ್ಟು ಜಿಪ್ ಎಳೆದೆ.

"ಎಂತ ತೀರ್ಪೂ ಇಲ್ಲೆ. ಎರಡೂ ಕೇಸ್ ಮುಂದಿನ ಆಯ್ತಾರ" ಎಂದೆ ಪ್ರಭಾಕರನಿಗೆ. ಮುದುಕನ ಕಡೆ ತಿರುಗಿ, "ನೆಕ್ಸ್ಟ್ ಸಂಡೇ. ಇಲೆವೆನ್ ಥರ್ಟಿ" ಎಂದೆ.

ಮುದುಕ ಕೋಟಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡ. ಪ್ರಭಾಕರ ಇನ್ನೂ ನನ್ನ ಚೀಲವನ್ನೇ ನೋಡುತ್ತಿದ್ದ.

"ಎಂತ ನೋಡ್ತೆ? ರಸ್ತೆ ಕಾಯ್ ಹೋಗ್" ಎಂದೆ.

ಅವನು ಪೀಪಿ ಬಾಯಿಗಿಟ್ಟುಕೊಂಡು ಕಾರುಗಳ ಕಡೆಗೆ ಹೋದ.